ತೂಗದೆ ಬಿಟ್ಟ ಮೂಟೆಗಳು

ಅಕ್ಕಿಹೆಬ್ಬಾಳು
೧೬ ನವೆಂಬರ್ ೨೦೨೪, ಶನಿವಾರ

ತನುಶ್ರೀ ಅಪ್ಪನಿಗೆ,

ಪ್ರಮೀಳಾ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ತನುಶ್ರೀ ಚೆನ್ನಾಗಿದ್ದಾಳೆ. ಕರುವೂ ಚೇತರಿಸಿಕೊಂಡಿದೆ. ನನ್ನ ಬಗ್ಗೆ ಹಾಗೆ ಬರೆದರೆ ಸುಳ್ಳಾಗುತ್ತದೆ.

ಕಿಸೆಯಲ್ಲಿ ಫೋನಿರುವಾಗ ಕಾಗದವೇಕೆ ಎನ್ನುತ್ತೀರಿ. ಫೋನಿನಲ್ಲಿ ನಿಮ್ಮ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ಜಗಳಕ್ಕೆ ನಿಲ್ಲುತ್ತದೆ. ಈ ಆರು ತಿಂಗಳಲ್ಲಿ ನಾವು ಆಡಿದ ನಾಲ್ಕು ಮಾತೂ ಹಾಗೆಯೇ ಮುಗಿದವು. ಅದಕ್ಕೇ ಬರೆಯುತ್ತಿದ್ದೇನೆ. ತನುಶ್ರೀ ಕೈಯಲ್ಲಿ ಕೊಟ್ಟು ಕಳಿಸದೆ ಅಂಚೆಗೆ ಹಾಕುತ್ತಿದ್ದೇನೆ. ಇದನ್ನು ಮೊದಲು ನೀವೊಬ್ಬರೇ ಓದಬೇಕು.

ಮೇ ತಿಂಗಳಲ್ಲಿ ನೀವು ಮನೆ ಬಿಟ್ಟು ತೊಣ್ಣೂರಿಗೆ, ಮಂಗಳಮ್ಮ ಅತ್ತಿಗೆಯ ಮನೆಗೆ ಹೊರಟ ದಿನ ನಿಮಗೂ ನೆನಪಿರುತ್ತದೆ. ನಮ್ಮ ಅವಲಕ್ಕಿ ಮಿಲ್ಲು ಸತತವಾಗಿ ಐದನೇ ತಿಂಗಳು ನಷ್ಟದಲ್ಲಿತ್ತು. ಒಂದು ಮೂಟೆ ಭತ್ತಕ್ಕೆ ನಲವತ್ತೆಂಟು ಕೆಜಿ ಅವಲಕ್ಕಿ ಬರಬೇಕಾದ ಕಡೆ ನಲವತ್ತೈದೂ ಬರುತ್ತಿರಲಿಲ್ಲ. ಅದಕ್ಕೆ ನೀವು ಹೇಳಿದ್ದು ಒಂದೇ ಮಾತು: "ನಿನ್ ತಮ್ಮ ತರೋ ಮೂಟೆನ ಒಂದಿನ ತೂಗ್ಸಿ ನೋಡು, ಪ್ರಮೀಳಾ."

ಭತ್ತ ಖರೀದಿಗೆ ಅಶೋಕನನ್ನು ಹಚ್ಚಿದವಳು ನಾನು. ಹೊರಗಿನವರಿಗೆ ಕಮಿಷನ್ ಯಾಕೆ ಕೊಡಬೇಕು, ಒಡಹುಟ್ಟಿದವನು ನಮ್ಮ ಮಿಲ್ಲಿಗೆ ಮೋಸ ಮಾಡುತ್ತಾನಾ ಎಂದು ನಿಮ್ಮ ಹತ್ತಿರ ಹಟ ಹಿಡಿದವಳೂ ನಾನೇ. ಹಾಗಾಗಿ ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. "ಅಂಗಾರೆ ನಮ್ ತವರ್ನೋರು ಕಳ್ರಾ? ಮಿಲ್ ನಡ್ಸಕ್ ಕಯ್ಯಲಾಗ್ದೆ ನನ್ ತಮ್ಮನ್ ಮೇಲೆ ಆಕ್ಬ್ಯಾಡಿ. ಬೀಗದ್ ಕೈ ಇಲ್ಲಿಡಿ. ಆರ್ ತಿಂಗ್ಳಲ್ಲಿ ಲಾಭ ತೋರುಸ್ತೀನಿ" ಎಂದೆ, ಕೆಲಸದವರ ಮುಂದೆಯೇ. ನೀವು ಬೀಗದ ಕೈ ಇಟ್ಟು ಹೋದಿರಿ. ಮಾವನವರು ಕಟ್ಟಿದ ಮಿಲ್ಲು ಬಿಟ್ಟು ಪಾಂಡವಪುರದಲ್ಲಿ ಇನ್ನೊಬ್ಬರ ರೈಸ್ ಮಿಲ್ಲಿನಲ್ಲಿ ಸಂಬಳಕ್ಕೆ ಸೇರಿದಿರೆಂದು ಅತ್ತಿಗೆಯಿಂದ ತಿಳಿಯಿತು.

ನಾನು ಕೈ ಕಟ್ಟಿ ಕೂರಲಿಲ್ಲ, ಅದೊಂದು ನಿಮಗೆ ತಿಳಿದಿರಲಿ. ಒಲೆಗೆ ಸೌದೆ ನಿಲ್ಲಿಸಿ ಹೊಟ್ಟು ಹಾಕಿಸಿದೆ. ಮಧ್ಯಾಹ್ನದ ಟೀ ನಿಲ್ಲಿಸಿದೆ, ಹೆಂಗಸರ ಕೂಲಿಯಲ್ಲಿ ಮೂವತ್ತು ರೂಪಾಯಿ ಹಿಡಿದೆ. ಸ್ಯಾಂಪಲ್ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ಎಲ್ಲ ಸುತ್ತಿದೆ. ಅಂಗಡಿಯವರ ಮುಂದೆ ನಿಂತು ಮಾತಾಡಲು ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಬೀದಿಯ ದಿನಸಿ ಅಂಗಡಿಯ ಶ್ರೀನಿವಾಸಮೂರ್ತಿ ಎಂಬವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ತುಂಬಾ ಚೆನ್ನಾಗಿ ಹುರಿದಿದ್ದಾರಮ್ಮ, ವಾರಕ್ಕೆ ಆರು ಮೂಟೆ ಕಳಿಸಿ" ಎಂದಾಗ ಬಸ್ ಸ್ಟ್ಯಾಂಡಿನವರೆಗೂ ನಗುತ್ತಲೇ ನಡೆದೆ. ಅಂದು ನಿಮಗೆ ಫೋನ್ ಮಾಡಬೇಕೆನ್ನಿಸಿತ್ತು.

ಆದರೆ ಎಷ್ಟು ಮಾರಿದರೂ ಅಷ್ಟೇ ನಷ್ಟ. ಮಾರಾಟ ಹೆಚ್ಚಿದಂತೆ ಭತ್ತ ಹೆಚ್ಚು ಕೊಳ್ಳಬೇಕು, ಭತ್ತ ಹೆಚ್ಚು ಬಂದಂತೆ ಹಳ್ಳ ಇನ್ನೂ ಆಳ. ಭತ್ತಕ್ಕೆಂದು ಮಹಿಳಾ ಸಂಘದಲ್ಲಿ ಎರಡು ಲಕ್ಷ ಎತ್ತಿದೆ. ನನ್ನ ಜೊತೆ ಎಂಟು ಹೆಂಗಸರು ಸಹಿ ಹಾಕಿದ್ದಾರೆ. ಈಗ ಅವರು ಬೀದಿಯಲ್ಲಿ ಎದುರಾದರೆ ಪಕ್ಕದ ಸಂದಿಗೆ ತಿರುಗಿಬಿಡುತ್ತೇನೆ.

ಜುಲೈ ತಿಂಗಳಲ್ಲಿ ಭತ್ತ ಹುರಿಯುವ ದಾಸಯ್ಯನವರನ್ನು ಕೆಲಸದಿಂದ ತೆಗೆದೆ. ನಿಮಗೆ ಗೊತ್ತಾಗಿರುತ್ತದೆ. ಹೇಗೆ ತೆಗೆದೆ ಎಂಬುದು ಗೊತ್ತಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ.

ಅವಲಕ್ಕಿ ಎಲ್ಲಿ ಹೋಗುತ್ತಿದೆ ಎಂದು ಕೆಲಸದ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಯಾರಾದರೊಬ್ಬರ ಹೆಸರು ಹೇಳಲೇಬೇಕಿತ್ತು. ಹಸು ಸಾಕುವವರಿಗೆ ಹೋಗುವ ತೌಡಿನ ಮೂಟೆ ಕಟ್ಟಿಸುತ್ತಿದ್ದವರು ದಾಸಯ್ಯ. ತೌಡಿನ ಅಡಿಯಲ್ಲಿ ಒಳ್ಳೆಯ ಅವಲಕ್ಕಿ ಸಾಗಿಸುತ್ತಿದ್ದಾರೆ ಎಂದೆ. ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ನಿಂತವರು, ನಿಮಗೆ ಹುರಿಯುವ ಹದ ಕಲಿಸಿದವರು. ಅವರು ಒಂದು ಸಲ ನನ್ನ ಮುಖ ನೋಡಿದರು. "ಬಿಚ್ಚವ್ವ. ಎಲ್ಲಾನೂವೆ ಬಿಚ್ಚು" ಎಂದರು. ಮೂರು ಮೂಟೆ ಬಿಚ್ಚಿ ನೆಲಕ್ಕೆ ಸುರಿಸಿದೆ. ತೌಡು, ಬರೀ ತೌಡು. "ಸಿಕ್ತಾ?" ಎಂದು ಕೇಳಿದರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಇವತ್ತು ಸಿಕ್ಲಿಲ್ಲ, ಅಷ್ಟೆ. ನಾಳಿಂದ ಬರ್ಬ್ಯಾಡಿ" ಎಂದೆ. ಅವರು ತೊಟ್ಟಿಯಲ್ಲಿ ಕೈಯ ಮಸಿ ತೊಳೆದುಕೊಂಡು, ಚೆಲ್ಲಿದ್ದ ತೌಡನ್ನು ತುಳಿಯದಂತೆ ಗೋಡೆ ಬದಿಯಲ್ಲಿ ನಡೆದು ಹೊರಗೆ ಹೋದರು. ಆ ವಾರದ ಕೂಲಿ ಕಳಿಸಿದೆ. ಹಾಗೇ ವಾಪಸ್ಸು ಬಂತು.

ಅವರು ಹೋದ ಮೇಲೆ ಹುರಿಯುವ ಹದ ಕೆಟ್ಟಿತು. ಹೊಸಬನಿಗೆ ಹುರಿಯುವ ಮರಳನ್ನು ಜರಡಿ ಹಿಡಿದು ತೆಗೆಯುವುದೇ ಬರಲಿಲ್ಲ. ಶ್ರೀನಿವಾಸಮೂರ್ತಿಯವರು ಫೋನ್ ಮಾಡಿ, "ಅಮ್ಮ, ಬೇಜಾರು ಮಾಡ್ಕೋಬೇಡಿ. ಹಲ್ಲಿಗೆ ಮರಳು ಸಿಕ್ತಿದೆ, ಗಿರಾಕಿಗಳು ಬೈತಿದ್ದಾರೆ" ಎಂದು ಆರೂ ಮೂಟೆ ಹಿಂದಕ್ಕೆ ಕಳಿಸಿದರು. ಗೌರಿ ಹಬ್ಬದ ವೇಳೆಗೆ ನಾಗಮಂಗಲದ ಎರಡು ಅಂಗಡಿಯೂ ತಪ್ಪಿಹೋದವು.

ದಸರಾ ರಜೆಗೆ ಬಂದಾಗ ತನುಶ್ರೀ ಏನು ಮಾಡಿದಳು ಎಂಬುದನ್ನು ಅವಳೇ ನಿಮಗೆ ಹೇಳಿರುತ್ತಾಳೆ. ಕಾಲೇಜಿನಲ್ಲಿ ಸಣ್ಣ ಉದ್ಯಮದ ಖರ್ಚು-ವೆಚ್ಚದ ಮೇಲೆ ಏನೋ ಬರೆಯಬೇಕಿತ್ತಂತೆ. ಭತ್ತ ಇಳಿಸುತ್ತಿದ್ದಾಗ ಆಳುಗಳಿಗೆ ಹೇಳಿ ಮೂಟೆಗಳನ್ನು ತಕ್ಕಡಿಯ ಮೇಲೆ ಇಡಿಸಿದಳು. ಎಪ್ಪತ್ತೈದು ಕೆಜಿ ಇರಬೇಕಾದ ಮೂಟೆ ಅರವತ್ತೊಂಬತ್ತು. ಇನ್ನೊಂದು ಎಪ್ಪತ್ತು. ಮತ್ತೊಂದು ಅರವತ್ತೊಂಬತ್ತು. "ಅಮ್ಮ, ಅವಲಕ್ಕಿ ಕಮ್ಮಿ ಬರ್ತಿಲ್ಲ ಕಣಮ್ಮ, ಭತ್ತನೇ ಕಮ್ಮಿ ಬರ್ತಿದೆ!" ಎಂದು ಅಂಗಳದಿಂದಲೇ ಕೂಗಿದಳು. ನಾನು ಹೊಸಿಲ ಮೇಲೆ ಕುಸಿದು ಕುಳಿತೆ. ಮಗಳು ಹೆದರಿ ನೀರು ತಂದು ಕೊಟ್ಟಳು.

ಅಶೋಕ ಇಲ್ಲವೆನ್ನಲಿಲ್ಲ. ಸಾಗಿಸುವಾಗ ಮೂಟೆಗೆ ಐದಾರು ಕೆಜಿ ತೆಗೆದು ಬೇರೆ ಕಡೆ ಮಾರುತ್ತಿದ್ದನಂತೆ. ಅವನ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ: "ಒಂದೂವರೆ ವರ್ಸ ನಿನ್ ಮಿಲ್ಲಿಗೆ ದುಡಿದೆ ಕಣಕ್ಕ. ಒಂದ್ ದಿನ ಸಂಬ್ಳ ಅಂತ ಕೊಟ್ಟಿದ್ದೀಯಾ? ಮನೇವ್ನು, ಮನೇವ್ನು ಅಂದೆ. ಮನೇವ್ನಿಗೂ ಎಂಡ್ತಿ ಮಕ್ಳು ಇರಲ್ವಾ?" ಸಂಬಳ ಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವನು ಮಾಡಿದ್ದು ಸರಿ ಎನ್ನುತ್ತಿಲ್ಲ. ಆದರೆ ಕಳ್ಳತನದ ಬೀಜ ಬಿತ್ತಿದವರಲ್ಲಿ ನಾನೂ ಒಬ್ಬಳು. ಈಗ ಅವನು ಮಿಲ್ಲಿಗೆ ಬರುತ್ತಿಲ್ಲ. ನಮ್ಮವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.

ನವೆಂಬರ್ ಮೊದಲ ವಾರ ದಾಸಯ್ಯನವರ ಮನೆಗೆ ಹೋದೆ. ಅವರು ಇರಲಿಲ್ಲ, ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿದ್ದರು. ಅರವತ್ತರ ಹತ್ತಿರ ಬಂದ ಮನುಷ್ಯ. ಅವರ ಹೆಂಡತಿ ಮಾರಮ್ಮ ನನ್ನನ್ನು ಒಳಗೆ ಕರೆಯಲಿಲ್ಲ. ಹಿರಿಮಗಳು ರಮ್ಯಳ ಮದುವೆ ನಾಗಮಂಗಲದ ಕಡೆಯ ಹುಡುಗನಿಗೆ ಗೊತ್ತಾಗಿತ್ತಲ್ಲ, ಅದರ ವಿಷಯ ಕೇಳಿದೆ. ಕೇಳಬಾರದಿತ್ತು.

"ಕಳ್ಳನ್ ಮನೆ ಎಣ್ಣು ಬ್ಯಾಡ ಅಂದ್ರಂತೆ ಕಣವ್ವ" ಎಂದಳು ಮಾರಮ್ಮ. "ಅವ್ರ್ ಬಾಯ್ಗೆ ಆ ಮಾತ್ನ ಆಕ್ದೋರ್ಯಾರು, ನೀನೇ ಯೋಳು."

ರಮ್ಯ ಒಳಗಿನಿಂದ ಬಂದು ಅಮ್ಮನ ತೋಳು ಹಿಡಿದು ಕರೆದುಕೊಂಡು ಹೋದಳು. ನನ್ನ ಕಡೆ ನೋಡಲಿಲ್ಲ. ನಾನು ಅಂಗಳದ ಬೇವಿನ ಮರದ ಕೆಳಗೆ ಕಾದೆ. ಸಂಜೆ ದಾಸಯ್ಯ ಬಂದರು. ತಲೆ, ಹುಬ್ಬು ಎಲ್ಲ ಕೆಂಪು ಧೂಳು. ಕಾಲು ಹಿಡಿಯಲು ಬಗ್ಗಿದೆ, ಅವರು ಹಿಂದೆ ಸರಿದರು. ಭತ್ತದ ತೂಕದ ವಿಷಯ ಹೇಳಿದೆ. ಅಶೋಕನ ಹೆಸರನ್ನೂ ಹೇಳಿದೆ. ಅವರು ಹೆಗಲ ಟವೆಲಿನಿಂದ ಮುಖದ ಧೂಳು ಒರೆಸಿಕೊಂಡರು. ಆಮೇಲೆ, "ತೆಪ್ಪು ಎಲ್ರಿಗೂ ಆಯ್ತದೆ ಬುಡವ್ವ. ನೀನೇನ್ ಗೊತ್ತಿದ್ದೂ ಮಾಡಿದ್ಯಾ? ಗೊತ್ತಿಲ್ದೆ ಮಾಡ್ದೆ" ಎಂದರು. ಹೆಂಡತಿ ಬೇಡವೆಂದರೂ ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾರೆ.

ಈಗ ಲೆಕ್ಕ ಹೇಳುತ್ತೇನೆ. ಪ್ರತಿ ಮೂಟೆಯನ್ನೂ ತೂಗಿಯೇ ಇಳಿಸಿಕೊಳ್ಳುತ್ತಿದ್ದೇವೆ. ಅವಲಕ್ಕಿ ಮತ್ತೆ ನಲವತ್ತೆಂಟಕ್ಕೆ ಬಂದಿದೆ. ಹೆಂಗಸರ ಮೂವತ್ತು ರೂಪಾಯಿ ಹಿಂದಿರುಗಿಸಿದ್ದೇನೆ. ಶ್ರೀನಿವಾಸಮೂರ್ತಿಯವರು ಎರಡು ಮೂಟೆ ತರಿಸಿ ನೋಡುತ್ತೇನೆ ಎಂದಿದ್ದಾರೆ. ಈ ವಾರ ಕೂಲಿ, ಕರೆಂಟು, ಸಂಘದ ಕಂತು ಎಲ್ಲ ಹೋಗಿ ಸಾವಿರದ ನೂರನಲವತ್ತು ರೂಪಾಯಿ ಉಳಿದಿದೆ. ಆರು ತಿಂಗಳಲ್ಲಿ ಲಾಭ ತೋರಿಸುತ್ತೇನೆ ಎಂದಿದ್ದೆನಲ್ಲ, ಇದೇ ಅದು. ಆ ನೋಟುಗಳನ್ನು ಮುಟ್ಟಲು ನನಗೆ ಆಗುತ್ತಿಲ್ಲ. ಅದರಲ್ಲಿ ಒಂದು ಹುಡುಗಿಯ ಮದುವೆ ಹೋಗಿದೆ.

ಮಿಲ್ಲು ನಡೆಸಿಕೊಡಿ ಎಂದು ನಿಮ್ಮನ್ನು ಕರೆಯುತ್ತಿಲ್ಲ. ನನ್ನ ಜೊತೆ ಸಂಸಾರ ಮಾಡಿ ಎಂದು ಕೇಳುವ ಬಾಯಿಯೂ ನನಗೆ ಉಳಿದಿಲ್ಲ. ನೀವು ನಾಗಮಂಗಲದ ಆ ಹುಡುಗನ ಮನೆಗೆ ಹೋಗಿ, ದಾಸಯ್ಯ ಕಳ್ಳರಲ್ಲ, ಕಳ್ಳತನ ನಡೆದದ್ದು ನಮ್ಮ ಮನೆಯವರಿಂದಲೇ ಎಂದು ಹೇಳಬೇಕು. ಒಮ್ಮೆ ನಾನೇ ಹೋಗಿದ್ದೆ. ಹುಡುಗನ ತಾಯಿ, "ಗಂಡ್ಸು ಯಾರೂ ಇಲ್ವಾ ನಿಮ್ಮನೇಲಿ?" ಎಂದು ಬಾಗಿಲು ಹಾಕಿದರು. ನಿಮ್ಮ ಮಾತಿಗೆ ಆ ಕಡೆ ಬೆಲೆಯಿದೆ. ಸಂಬಂಧ ಕೂಡಲಿ, ಬಿಡಲಿ, ಆ ಹೆಸರು ಅವರ ಮೇಲಿಂದ ಇಳಿಯಬೇಕು. ಒಂದು ದಿನ ರಜೆ ಹಾಕಿ ಬನ್ನಿ. ಕೆಲಸ ಮುಗಿದ ಮೇಲೆ ನೀವು ತೊಣ್ಣೂರಿಗೆ ಹೊರಟರೆ ನಾನು ತಡೆಯುವುದಿಲ್ಲ.

ನಿಮ್ಮ ಊಟ, ನಿದ್ದೆ ಕಡೆ ಗಮನವಿರಲಿ. ಮೊಣಕಾಲಿನ ಎಣ್ಣೆ ಮುಗಿದಿದ್ದರೆ ತನುಶ್ರೀ ಕೈಯಲ್ಲಿ ಕಳಿಸುತ್ತೇನೆ.

ನಿಮ್ಮ,
ಪ್ರಮೀಳಾ

ಮರೆತದ್ದು ಎಂದು ಬರೆಯಲಾರೆ, ಮರೆತಿರಲಿಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ನಾನು ಮೂಟೆ ತೂಗಿದ್ದು ಜೂನ್ ತಿಂಗಳಲ್ಲೇ. ಒಂದು ಭಾನುವಾರ, ಮಿಲ್ಲಿಗೆ ರಜೆಯಿದ್ದ ದಿನ, ಒಂದೊಂದನ್ನೇ ತಕ್ಕಡಿಯ ಮೇಲಕ್ಕೆ ಎಳೆದು ನೋಡಿದೆ. ಅಂದೇ ಅಶೋಕನನ್ನು ಕೇಳಿದೆ. ಸಂಬಳದ ಮಾತು ಅವನು ಆಡಿದ್ದು ಅಂದು, ನಮ್ಮವ್ವನ ಮುಂದೆ. ಇನ್ನು ತೆಗೆಯುವುದಿಲ್ಲ ಎಂದ. ಅವ್ವ ಸೆರಗೊಡ್ಡಿ, ಅವನನ್ನು ಬೀದಿಗೆ ತರಬೇಡ ಎಂದಳು. ನಿಮ್ಮೆದುರು ಸೋಲಲು ನನಗೂ ಮನಸ್ಸಿರಲಿಲ್ಲ. ಆಮೇಲೆ ತೂಗಲಿಲ್ಲ. ತೂಗಿದರೆ ಅವನು ನಿಲ್ಲಿಸಿಲ್ಲವೆಂದು ತಿಳಿಯುತ್ತಿತ್ತು. ದಾಸಯ್ಯನವರ ಮೂಟೆ ಬಿಚ್ಚಿಸುವಾಗ ಅದರಲ್ಲಿ ತೌಡಲ್ಲದೆ ಬೇರೇನೂ ಇಲ್ಲವೆಂದು ನನಗೆ ಗೊತ್ತಿತ್ತು. ದಸರಾದಲ್ಲಿ ನಾನು ಕುಸಿದು ಕುಳಿತದ್ದು ವಿಷಯ ತಿಳಿದಲ್ಲ, ಸಿಕ್ಕಿಬಿದ್ದೆನೆಂದು. ತನುಶ್ರೀ ಎದುರು ಅಶೋಕ ಒಂದು ಮಾತೂ ಆಡದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಕಳ್ಳತನ ತಾನು ಕಂಡುಹಿಡಿದೆ ಎಂದು ಅವಳಿಗೆ ಇಂದಿಗೂ ಹೆಮ್ಮೆ.

ದಾಸಯ್ಯ ಕ್ಷಮಿಸಿರುವುದು ಗೊತ್ತಿಲ್ಲದೆ ಮಾಡಿದ ತಪ್ಪನ್ನು. ಇವತ್ತೂ ಒಲೆಯ ಮುಂದೆ ನಿಂತು, "ಅವ್ವ, ಇವತ್ತಿನ್ ಅದ ನೋಡು" ಎಂದು ಒಂದು ಹಿಡಿ ಅವಲಕ್ಕಿ ತಂದು ಕೈಗೆ ಹಾಕಿದರು. ಬಾಯಿಗೆ ಇಡಲಾಗಲಿಲ್ಲ. ಬರುವ ಶನಿವಾರ ಕೂಲಿ ಕೊಡುವಾಗ, ಎಲ್ಲ ಕೆಲಸದವರ ಎದುರು, ತನುಶ್ರೀ ಎದುರು ಹೇಳಿಬಿಡುತ್ತೇನೆ. ಹೇಳಿದ ಮೇಲೆ ದಾಸಯ್ಯ ಎದ್ದು ಹೋಗುತ್ತಾರೆ. ಹಿಂದೆ ಓಡಿ ಕರೆಯುವ ಯೋಗ್ಯತೆ ನನಗಿಲ್ಲ. ನೀವು ಅಷ್ಟರೊಳಗೆ ಬನ್ನಿ. ನನ್ನ ಪಕ್ಕದಲ್ಲಿ ನಿಲ್ಲಬೇಡಿ, ಗೇಟಿನ ಹತ್ತಿರ ನಿಂತಿರಿ. ಅವರು ಒಬ್ಬರೇ ಮನೆಗೆ ನಡೆದು ಹೋಗುವಂತೆ ಮಾಡಬೇಡಿ.