ಮಡಿಲಲ್ಲಿ ಕೂರಿಸಿದ ಮಗು

ವಸುಧಾ,

ನಿನ್ನ ಹೊಸ ವಿಳಾಸ ನನ್ನ ಹತ್ತಿರ ಇದೆ. ಆದರೂ ಇದನ್ನು ಕಳಿಸಲಾರೆ.

ಇವತ್ತು ಪಕ್ಕದ ಟವರಿನ ರತ್ನಪ್ರಭಾ ಆಂಟಿ ಫೋನ್ ಮಾಡಿದ್ದರು. ಭಾನುವಾರ ಸೊಸೆಯ ಸೀಮಂತವಂತೆ. “ನಿನ್ನ ಸಮರ್ಥನ್ನ ಕರ್ಕೊಂಡು ಬಾರಮ್ಮ, ಅವಳ ಮಡಿಲಲ್ಲಿ ಕೂರಿಸೋಣ. ಈ ಗ್ರೇಟರ್ ನೋಯ್ಡಾದಲ್ಲಿ ನಮ್ಮವರ ಗಂಡುಮಗು ಇನ್ನೆಲ್ಲಿ ಹುಡುಕಲಿ?” ಎಂದರು.

ನಿನ್ನ ಸೀಮಂತದಲ್ಲೂ ಇವನೇ ಕೂತಿದ್ದ. “ಎಷ್ಟು ಬೆಚ್ಚಗಿದ್ದಾನೆ ಕಣೇ” ಎಂದು ನೀನು ಮುತ್ತಿಟ್ಟೆ. ಕೆಲವು ದಿನಕ್ಕೆ ಇವನ ಕೆನ್ನೆಗಳು ಯಾರೋ ಹೊಡೆದ ಹಾಗೆ ಕೆಂಪಾದವು. ಫೋಟೊ ಕಳಿಸಿದೆ, ಇಬ್ಬರೂ ನಕ್ಕೆವು. ಮುಂದಿನ ತಿಂಗಳು ನಿನ್ನ ಮಗು ಹೊಟ್ಟೆಯಲ್ಲೇ ಹೋಯಿತು.

ಮೊನ್ನೆ ಇವನ ಶಾಲೆಯ ಮಕ್ಕಳ ಕೆನ್ನೆಯಲ್ಲಿ ಅದೇ ಕೆಂಪು. ಅದು ಪಾರ್ವೊ ಎಂಬ ಪುಟ್ಟ ವೈರಸ್ ಎಂದರು ಡಾಕ್ಟರು. ಮಕ್ಕಳಿಗೆ ತಾನಾಗಿಯೇ ವಾಸಿಯಾಗುತ್ತದೆ. ಗರ್ಭಿಣಿಗೆ ತಗುಲಿದರೆ ಹೊಟ್ಟೆಯೊಳಗಿನ ಮಗುವಿನ ರಕ್ತ ಕಡಿಮೆಯಾಗಿ ಜೀವಕ್ಕೇ ಅಪಾಯವಾಗಬಹುದು. ಕೆನ್ನೆ ಕೆಂಪಾಗುವ ಮೊದಲೇ, ಜ್ವರವಿದ್ದಾಗಲೇ ಅದು ಹರಡುತ್ತದಂತೆ.

ಆಂಟಿಗೆ “ಇವನಿಗೆ ಜ್ವರ, ಬರೋಕಾಗಲ್ಲ” ಎಂದು ಹೇಳಿ ಫೋನಿಟ್ಟೆ.

ಸಮರ್ಥ ಹಣೆ ಮುಟ್ಟಿ ನೋಡಿಕೊಂಡ. “ಅಮ್ಮಾ, ನಂಗೆ ಬುಖಾರ್ ಇದ್ಯಾ?”

ಇಲ್ಲ ಕಂದ, ಎಂದೆ. ಇವತ್ತು ಇಲ್ಲ.