ಹೊಸ್ತಿಲೊತ್ತೆ

ಎರಡನೇ ಮೇ ತಿಂಗಳ ಮೂವತ್ನಾಲ್ಕು, ಇಸವಿ ೨೧೯೧
ಮುನಿರಾಬಾದ್

ಮುತ್ತಜ್ಜಿಯ ಮುತ್ತಜ್ಜಿ ನಿಂಗವ್ವನಿಗೆ ಹುಲಿಗೆವ್ವನ ಶರಣು.

ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳವ್ವ. ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಹಳೆಯ ಫೋನುಗಳನ್ನು ನೋಡಿ ಅಕ್ಷರ ಕಲಿತವಳು. ಬಿಸಿಲು ಮುಗಿಯುವುದೇ ಇಲ್ಲವೆಂದು ನಮ್ಮವರು ಮೇ ತಿಂಗಳಿಗೆ ದಿನಗಳನ್ನು ಸೇರಿಸಿ, ತಿಂಗಳನ್ನೇ ಎರಡು ಮಾಡಿಕೊಂಡಿದ್ದಾರೆ. ನಿನ್ನ ಫೋನೂ ಸಿಕ್ಕಿತು. ಆನ್‌ಲೈನ್ ಹರಾಜಿನಲ್ಲಿ ಹಿಡಿದ ಹೊಲಿಗೆ ಯಂತ್ರ ಓಡುತ್ತಿಲ್ಲ, ಮಾರಿದವನು ಕಳ್ಳ, ಒಂದೇ ನಕ್ಷತ್ರ ಸಾಕು ಎಂದು ಬರೆದು, ಕಳಿಸದೆ ಇಟ್ಟಿದ್ದೀಯ. ಅದಕ್ಕೇ ಈ ಕಾಗದ.

ನಿಮ್ಮ ಐದು ನಕ್ಷತ್ರ ನಮ್ಮಲ್ಲಿ ಐದು ಬೆರಳಾಗಿವೆ. ನಕ್ಷತ್ರಗಳೇ ಮಾರಾಟಕ್ಕೆ ಬಂದ ಮೇಲೆ ಯಾರೂ ಯಾರನ್ನೂ ನಂಬದಾದರು. ಈಗ ಹರಾಜಿನಲ್ಲಿ ಸಾಮಾನಿಗಿಂತ ಮೊದಲು ಮಾರುವ ಮನೆಯವರ ಅಂಗೈ ತೋರಿಸಬೇಕು. ಸಾಮಾನಿನ ಜೊತೆ ಆ ಮನೆಯವರೊಬ್ಬರು ಹೋಗಿ, ಕೊಂಡವರು ಒಪ್ಪಿದೆ ಎನ್ನುವ ತನಕ ಅವರ ಬಾಗಿಲಲ್ಲಿ ಕೂರಬೇಕು. ಇದು ಹೊಸ್ತಿಲೊತ್ತೆ. ಮೋಸ ಕಂಡರೆ ಕೂತವರ ಬೆರಳು ಹೋಗುತ್ತದೆ.

ನಾನು ನೀರು ಸೋಸುವ ಯಂತ್ರ ಮಾರಿದೆ. ಒತ್ತೆಗೆ ನನ್ನ ತಮ್ಮ ದುರುಗಪ್ಪ ಹೋದ, ಹಾರ್ಮೋನಿಯಂ ನುಡಿಸುವವನು. ಅವರ ಮನೆ ಊಟ ಚಲೋ ಇದ್ದರೆ ಯಂತ್ರ ಕೆಡಲೆಂದು ಹರಕೆ ಹೊರುತ್ತೇನೆ ಅಂತ ನಗಿಸಿಯೇ ಹೊರಟ.

ಕೊಂಡವನು ಗಂಗಾವತಿಯ ಅಮರಪ್ಪ. ನೀರು ಸುರಿದರೆ ಹನಿಯೂ ಇಳಿಯಲಿಲ್ಲವಂತೆ. ಅವನ ಮಕ್ಕಳು ತಮ್ಮನನ್ನು ಕಂಬಕ್ಕೆ ಕಟ್ಟಿ, ಯಂತ್ರದ ಪೈಪಿನಿಂದಲೇ ಹಲ್ಲು ಉದುರುವಂತೆ ಬಡಿದರು. ನಮ್ಮಕ್ಕ ಸುಳ್ಳು ಹೇಳುವವಳಲ್ಲ ಎಂದಷ್ಟೇ ಅಂದನಂತೆ. ರುಬ್ಬುವ ಕಲ್ಲಿನ ಮೇಲೆ ಅವನ ಬಲಗೈ ಇಟ್ಟು, ಕುಡುಗೋಲಿನಿಂದ ಎರಡು ಬೆರಳು ತೆಗೆದರು.

ನಾನು ಹೋದಾಗ ಕಲ್ಲು ಇನ್ನೂ ಹಸಿಯಾಗಿತ್ತು. ಯಂತ್ರ ಬೋರಲು ಹಾಕಿ ನೋಡಿದೆ. ದಾರಿಯಲ್ಲಿ ಧೂಳು ಹೋಗಬಾರದೆಂದು ಮೂತಿಗೆ ನಾನೇ ಅಂಟಿಸಿದ್ದ ಮೇಣದ ಕಾಗದ ಹಾಗೇ ಇತ್ತು. ಯಂತ್ರವನ್ನು ಹೊಗಳಿ ಇಪ್ಪತ್ತು ಸಾಲು ಬರೆದವಳು, ಕಾಗದ ಕೀಳಿ ಎಂದು ಬರೆದಿರಲಿಲ್ಲ. ಇಷ್ಟು ಯಾರಿಗೆ ಗೊತ್ತಿಲ್ಲ ಅಂದುಕೊಂಡೆ. ಅವರೂ ಕೇಳಲಿಲ್ಲ. ಕೇಳಿದರೆ ಮಾರಿದವರು ಇನ್ನೊಂದು ಸುಳ್ಳು ಹೇಳುತ್ತಾರೆಂಬ ಭಯ.

ಕಾಗದ ಕಿತ್ತೆ. ನೀರು ಇಳಿಯಿತು. ಕೊಂಡವರ ತಪ್ಪಾದರೆ ಅವರ ಬೆರಳು, ಅದೂ ಪದ್ಧತಿಯೇ. ಅಮರಪ್ಪ ತಾನೇ ಕಲ್ಲಿನ ಮೇಲೆ ಕೈಯಿಟ್ಟು ಕುಡುಗೋಲು ನನಗೆ ಕೊಟ್ಟ.

"ಹೊಡಿ ತಂಗಿ. ಎರಡೂ ತಗೋ."

ಹೊಡೆದೆ. ಒಂದು ಬೆರಳು ಸಿಡಿದು ನನ್ನ ಕಾಲ ಬಳಿ ಬಿತ್ತು. ಸುಳ್ಳು ಯಾಕೆ ಹೇಳಲಿ, ಎದೆ ತಣ್ಣಗಾಯಿತು. ಎರಡನೆಯದಕ್ಕೆ ಕೈಯೆತ್ತಿದಾಗ ಕಂಬದ ಬುಡದಿಂದ ದುರುಗಪ್ಪನ ದನಿ ಕೇಳಿತು.

"ಅಕ್ಕಾ, ಅದನ್ನ ತಂದು ನನ್ನ ಕೈಗೆ ಹೊಲೀತೀಯೇನು?"

ಕುಡುಗೋಲು ಕೈಜಾರಿತು. ಆ ಯಂತ್ರ ಸೋಸಿದ ನೀರಿನಲ್ಲೇ ಇಬ್ಬರ ಕೈಯನ್ನೂ ತೊಳೆದು ಬಟ್ಟೆ ಕಟ್ಟಿದೆ. ಹಾರ್ಮೋನಿಯಂ ಈಗಲೂ ನಮ್ಮ ಮನೆಯ ಗೂಟದ ಕೆಳಗಿದೆ, ಯಾರೂ ಮುಟ್ಟುವುದಿಲ್ಲ.

ನಿಂಗವ್ವಾ, ಆ ಒಂದು ನಕ್ಷತ್ರ ಇನ್ನೊಂದು ದಿನ ನಿನ್ನಲ್ಲೇ ಇರಲಿ. ದಾರಿಯಲ್ಲಿ ಅಲುಗದಿರಲೆಂದು ಸೂಜಿಯ ಕೆಳಗೆ ರಟ್ಟಿನ ತುಂಡು ಇಟ್ಟಿದ್ದಾರೇನೋ ನೋಡು. ಇಲ್ಲದಿದ್ದರೆ ಮಾರಿದವನಿಗೆ ಫೋನು ಮಾಡಿ ಕೇಳು. ನಿಮ್ಮಲ್ಲಿ ಇನ್ನೂ ಕೇಳಬಹುದು.