ಸುಹೈಬನ ಬೈಕನ್ನು ನಿಮ್ಮ ಗೇಟಿನಿಂದ ಇಳಿಸಿ

ವಾಹನಗಳ ಮೇಲೆ ಅಧಿಕಾರ ನಡೆಸುವ ಮಾನ್ಯರೇ,

ನಿಮ್ಮ ಕಚೇರಿಯ ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಒಂದು ಬೈಕನ್ನು ಪ್ರದರ್ಶನಕ್ಕೆ ಇಟ್ಟಿದ್ದೀರಿ. ಅದರ ಕೆಳಗೆ ಮಲಯಾಳದಲ್ಲೂ ಕನ್ನಡದಲ್ಲೂ ಬೋರ್ಡು: ‘ಕಾನೂನಿನ ಕಣ್ಣು ತಪ್ಪಿಸಲು ಬಾಗಿಲು ಮುಚ್ಚಿಕೊಂಡು ಸೈಲೆನ್ಸರ್ ಬದಲಿಸಿದವನ ಗತಿ ಇದು.’ ಆ ಬೋರ್ಡು ಸುಳ್ಳು ಹೇಳುತ್ತಿದೆ. ಅದನ್ನು ತೆಗೆಯಿರಿ ಎಂದು ಅರ್ಜಿ ಕೊಟ್ಟೆ. ಕನ್ನಡದಲ್ಲಿದೆ, ತರ್ಜುಮೆಗೆ ಕಳಿಸಿದ್ದೇವೆ ಎಂದರು. ಹೋದ ಅರ್ಜಿ ಹಿಂದೆ ಬಂದಿಲ್ಲ. ಬೋರ್ಡಿನ ಮೇಲೆ ಕನ್ನಡ ಬರೆಸಬಲ್ಲ ಕಚೇರಿಗೆ ಅರ್ಜಿಯ ಕನ್ನಡ ಓದಿಸಿಕೊಳ್ಳಲು ಯಾಕೆ ಆಗುವುದಿಲ್ಲವೋ ನನಗೆ ತಿಳಿಯದು. ಆದ್ದರಿಂದ ಊರಿನವರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ನೆಕ್ರಾಜೆಯವಳು, ಅಂಗನವಾಡಿ ಟೀಚರಾಗಿ ನಿವೃತ್ತಳಾದವಳು. ನಿಮ್ಮ ಬೋರ್ಡಿನಲ್ಲಿ ಹೆಸರೂ ಇಲ್ಲದೆ ‘ಬದಲಿಸಿದವನು’ ಆಗಿರುವ ಸುಹೈಬ್ ನನ್ನ ನೆರೆಮನೆಯ ಮಮ್ಮಾಲಿ, ಕುಂಞಾಮಿನ ದಂಪತಿಯ ಕಿರಿಯ ಮಗ. ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ. ಬೈಕೆಂದರೆ ಅವನಿಗೆ ಜೀವ. ಗುಡುಗುಟ್ಟುವ ಹೊಸ ಪೈಪೊಂದನ್ನು ಆನ್‌ಲೈನಿನಲ್ಲಿ ತರಿಸಿದ. ‘ಎಂತಕ್ಕೆ ಮಾರಾಯ ಈ ಗಲಾಟೆಯ ಪೈಪು? ಇದ್ದದ್ದು ಸರಿ ಉಂಟಲ್ಲ?’ ಎಂದು ಬೈದೆ. ‘ನಿಮ್ಮ ಗೇಟಿನ ಹತ್ರ ಬರುವಾಗ ಆಫ್ ಮಾಡಿ ತಳ್ಳಿಕೊಂಡು ಬರ್ತೇನೆ ಟೀಚರೇ’ ಎಂದು ನಕ್ಕ. ಅಂಥ ಪೈಪು ಕಾನೂನಿಗೆ ವಿರುದ್ಧ, ಇರಲೂಬೇಕು. ಅದನ್ನು ಹಾಕಿಕೊಂಡು ಅವನು ರಸ್ತೆಗಿಳಿದು ನೀವು ಹಿಡಿದಿದ್ದರೆ ನಾನು ನಿಮ್ಮ ಪರವಾಗಿಯೇ ಮಾತಾಡುತ್ತಿದ್ದೆ. ಆದರೆ ಅವನು ರಸ್ತೆಗಿಳಿಯಲಿಲ್ಲ.

ಶನಿವಾರ ಸಂಜೆ ಹಳೆಯ ಸೈಲೆನ್ಸರ್ ಬಿಚ್ಚಿದ. ಕತ್ತಲಾಯಿತು, ಕೆಲಸ ಅರ್ಧಕ್ಕೆ ನಿಂತಿತು. ಮರುದಿನ ನಮ್ಮ ಮನೆಯಲ್ಲಿ ಬೊಜ್ಜ. ತೀರಿಕೊಂಡ ನನ್ನ ಯಜಮಾನರು ಲೋಕಯ್ಯನವರ ಉತ್ತರಕ್ರಿಯೆ. ಬೆಳಿಗ್ಗೆ ಬೆಂಚು, ಕುರ್ಚಿ, ಅಡುಗೆಯ ಪಾತ್ರೆ ಎಲ್ಲವನ್ನೂ ಹೊತ್ತು ತಂದವನು ಸುಹೈಬನೇ. ಸೋಮವಾರ ಕೆಲಸಕ್ಕೆ ಹೋಗಲು ಬೈಕು ಬೇಕು, ಊಟದ ಹೊತ್ತಿಗೆ ಬಡಿಸಲು ಬರುತ್ತೇನೆ ಎಂದು ಹೇಳಿ ಹೋದ. ಅವನ ತಾಯಿ ಹೇಳಿದಳಂತೆ, ‘ಅಲ್ಲಿ ಬೊಜ್ಜ ಉಂಟು ಮೋನೇ, ಇವತ್ತು ಆ ಶಬ್ದ ಟೀಚರ ಮನೆಗೆ ಕೇಳ್ಬಾರ್ದು.’ ಸಾವಿನ ಮನೆಯ ಪಕ್ಕ ರೇಡಿಯೋ ಕೂಡ ದೊಡ್ಡದಾಗಿ ಇಡದ ಊರು ನಮ್ಮದು. ಅವರ ಮನೆಯಲ್ಲಿ ಮಯ್ಯತ್ತಾದರೆ ನಾವು, ನಮ್ಮಲ್ಲಿ ಸಾವಾದರೆ ಅವರು. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಾಗಿಲ್ಲ. ಅವನು ಬೈಕನ್ನು ಮನೆಗೆ ತಾಗಿದ ಹಳೆಯ ಅಂಗಡಿ ಕೋಣೆಗೆ ತಳ್ಳಿ, ಶಟರ್ ಎಳೆದು, ಅದರ ಅಡಿಯ ಸಂದಿಗೆ ಗೋಣಿ ತುರುಕಿದ. ಆ ಕೋಣೆಗೆ ಕಿಟಕಿಯಿಲ್ಲ. ಪೈಪು ಜೋಡಿಸಿದ ಮೇಲೆ ಇಂಜಿನ್ ಬಿಸಿಯಾಗುವ ತನಕ ಓಡಿಸಿ, ಸಂದಿನಲ್ಲಿ ಹೊಗೆ ಸೋರುತ್ತದೋ ನೋಡಿ, ಬೋಲ್ಟನ್ನು ಇನ್ನೊಮ್ಮೆ ಬಿಗಿಮಾಡಬೇಕೆಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದರಂತೆ. ಬಾಗಿಲು ತೆರೆದಿರಬೇಕೆಂದು ಆ ಪುಣ್ಯಾತ್ಮರು ಹೇಳಿರಲಿಲ್ಲ.

ಎಲೆ ಹಾಕಿದೆವು. ಅವನು ಬರಲಿಲ್ಲ. ಕರೆಯಲು ಹೋದ ಕುಂಞಾಮಿನ ಶಟರ್ ಬಡಿಯುವುದು ನಮಗೆ ಕೇಳಿಸಿತು. ಬೊಜ್ಜಕ್ಕೆ ಬಂದ ನೆಂಟರೇ ಓಡಿ ಶಟರ್ ಎತ್ತಿದರು. ಇಂಜಿನ್ ಆಗಲೂ ಓಡುತ್ತಿತ್ತು. ಅವನು ಹಿಂದಿನ ಚಕ್ರದ ಪಕ್ಕ ಮಗ್ಗುಲಾಗಿ ಮಲಗಿದ್ದ, ಸ್ಪ್ಯಾನರ್ ಕೈಯಲ್ಲೇ ಇತ್ತು. ವಾಸನೆಯಿಲ್ಲದ ವಿಷಗಾಳಿ, ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಕಾಲಿನ ಶಕ್ತಿ ಹೋಗಿರುತ್ತದೆ ಎಂದು ಆಸ್ಪತ್ರೆಯವರು ಹೇಳಿದರು.

ಈಗ ಹೇಳಿ ಮಾನ್ಯರೇ, ಅವನು ತಪ್ಪಿಸಿದ್ದು ಯಾರ ಕಣ್ಣನ್ನು? ಭಾನುವಾರ ನೆಕ್ರಾಜೆಯ ಆ ಒಳದಾರಿಯಲ್ಲಿ ನಿಮ್ಮ ಜೀಪು ಹೊಂಚು ಹಾಕಿ ನಿಂತಿತ್ತೇ? ಅವನಿಗೆ ನಿಮ್ಮ ಭಯವಿರಲಿಲ್ಲ, ನನ್ನ ದುಃಖದ ಮೇಲೆ ಮರ್ಯಾದೆಯಿತ್ತು. ತನಿಖೆಗೆ ಬಂದವರು ಬೈಕಿನ ನಂಬರು ಬರೆದುಕೊಂಡರು, ಪೈಪಿನ ಫೋಟೋ ತೆಗೆದರು. ಶಟರ್ ಯಾಕೆ ಮುಚ್ಚಿತ್ತೆಂದು ಒಬ್ಬರಾದರೂ ಕೇಳಿದರೇ? ಆ ಬೈಕು ಮನೆಗೆ ಬರುವುದು ಬೇಡವೆಂದು ಮಮ್ಮಾಲಿ ಹೇಳಿದ್ದು ಮಗನನ್ನು ಕಳಕೊಂಡ ಸಂಕಟಕ್ಕೆ. ನೀವದನ್ನು ದಾನ ಕೊಟ್ಟರೆಂದು ತಿಳಿದಿರಿ. ಹಿಡಿದ ಪೈಪುಗಳ ಮೇಲೆ ರೋಡ್ ರೋಲರ್ ಹತ್ತಿಸಿ ಫೋಟೋಕ್ಕೆ ನಿಲ್ಲುತ್ತೀರಲ್ಲ, ಅದು ನಿಮ್ಮ ಖುಷಿ. ಅದನ್ನು ಮಾರಿದವನ ಬಾಗಿಲಿಗೆ ರೋಲರ್ ಹೋದದ್ದನ್ನು ಮಾತ್ರ ನಾನು ಈ ತನಕ ಕಂಡಿಲ್ಲ.

ಸುಳ್ಳು ಬೋರ್ಡಿನಿಂದ ಯಾರಿಗೇನು ನಷ್ಟ ಎನ್ನುತ್ತೀರೋ? ಕೇಳಿ. ಕಳೆದ ವಾರ ನನ್ನ ನಾದಿನಿಯ ಮನೆಗೆ ಹೋಗಿದ್ದೆ. ಅವಳ ಮಗ ಪ್ರವೀತ್ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಒಳಗೆ ಬೈಕ್ ಸ್ಟಾರ್ಟ್ ಮಾಡುತ್ತಿದ್ದ. ಕೈಗೆ ಸಿಕ್ಕಿದ ಕತ್ತಿಯ ಹಿಡಿಯಿಂದ ಬಾಗಿಲು ಗುದ್ದಿದೆ. ‘ಎಂತ ಮಾಮಿ ನೀವು? ಹೊರಗೆ ಮಾಡಿದ್ರೆ ಕೇಸ್ ಹಾಕ್ತಾರೆ, ಬೋರ್ಡ್ ನೋಡ್ಲಿಲ್ವಾ?’ ಎಂದ. ‘ಸುಹೈಬ್ ಸತ್ತದ್ದು ಎಂತದರಿಂದ ಗೊತ್ತುಂಟಾ?’ ಎಂದು ಕೇಳಿದರೆ, ಪೈಪ್ ಸ್ಫೋಟವಾಗಿ ಎಂದ! ನಿಮ್ಮ ಬೋರ್ಡಿನಲ್ಲಿ ಹೊಗೆಯ ಮಾತೇ ಇಲ್ಲ. ಗಾಳಿಯ ಮಾತಿಲ್ಲ. ಹೆದರಿಸಿದ್ದೀರಿ, ಹೆದರಿದ ಮಕ್ಕಳು ಇನ್ನಷ್ಟು ಭದ್ರವಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ. ಇದಕ್ಕೆ ಜಾಗೃತಿ ಎಂದು ಹೆಸರು.

ಇನ್ನೊಂದು ವಿಷಯವುಂಟು. ಮಗ ಹೋದ ಮೇಲೆ ಕುಂಞಾಮಿನಳಿಗೆ ನಿದ್ದೆಯಿಲ್ಲ. ‘ಶಬ್ದ ಬೇಡ ಅಂತ ನಾನೇ ಹೇಳಿದ್ದು’ ಎನ್ನುವುದೊಂದೇ ಮಾತು. ಡಾಕ್ಟರರಲ್ಲಿಗೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಬಸ್ಸು ನಿಲ್ಲುವುದು ನಿಮ್ಮ ಗೇಟಿನ ಎದುರಿಗೆ. ಅರಬಿ ಅಕ್ಷರ ಬಿಟ್ಟರೆ ಬೇರೆ ಯಾವುದನ್ನೂ ಅವಳು ಓದಲಾರಳು, ಆದರೆ ಮಗನ ಬೈಕು ಅವಳಿಗೆ ಗುರುತು ಸಿಗದೇ?

‘ಟೀಚರೇ, ಅದು ನಮ್ಮ ಸುಹೈಬನ ಬೈಕಲ್ವಾ? ಅಡಿಯಲ್ಲಿ ಎಂತ ಬರ್ದದ್ದು?’

‘ಹೆಲ್ಮೆಟ್ ಹಾಕ್ಬೇಕು ಅಂತ ಬರ್ದದ್ದು’ ಎಂದೆ.

‘ಅವ ಹಾಕ್ತಿದ್ದನಲ್ಲ’ ಎಂದಳು.

ಪ್ರತಿ ಸಲ ಕೇಳುತ್ತಾಳೆ, ಪ್ರತಿ ಸಲ ನಾನು ಹಾಗೆಯೇ ಹೇಳುತ್ತೇನೆ. ಮುಂದಿನ ತಿಂಗಳು ಅವಳ ಮಗಳು ರಂಶೀನಾ ಶಾರ್ಜಾದಿಂದ ಬರುತ್ತಾಳೆ. ಅವಳಿಗೆ ಓದಲು ಬರುತ್ತದೆ. ತಾಯಿಯನ್ನು ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗುವವಳು ಆಗ ಅವಳೇ.

ಅದಕ್ಕೆ ಮೊದಲು ಆ ಬೈಕನ್ನು ಇಳಿಸಿ. ಕ್ಷಮೆ ಕೇಳಿ ಎಂದು ನಾನು ಹೇಳುವುದಿಲ್ಲ, ಅದಕ್ಕೂ ನಿಮಗೆ ಮೇಲಿನವರ ಅನುಮತಿ ಬೇಕಾದೀತು. ಬೋರ್ಡನ್ನು ಕಿತ್ತು, ಅದೇ ಜಾಗದಲ್ಲಿ ಎರಡೂ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ: ಮುಚ್ಚಿದ ಕೋಣೆಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಹೊಗೆ ಕೊಲ್ಲುತ್ತದೆ. ಅಷ್ಟು ಮಾಡಿದರೆ ಮುಂದಿನ ಸಲ ಕುಂಞಾಮಿನ ಕೇಳುವಾಗ, ಅಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಓದಿ ಹೇಳುತ್ತೇನೆ.

ಇಂತಿ,
ಓದಲು ಬಂದೂ ಸುಳ್ಳು ಓದುತ್ತಿರುವ
ಲೋಲಾಕ್ಷಿ, ನೆಕ್ರಾಜೆ